ಯಂತ್ರದ ತಡೆ, ಮನಸ್ಸಿನ ಸಂಯಮ



ವ್ರತೋಪವಾಸಗಳ ವಿಚಾರಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಮೋಟಾರು ಕಾರಿನ ಬ್ರೇಕಿನ ಮಾತನ್ನೆತ್ತುವುದು ಹಲವರಿಗೆ ವಿಚಿತ್ರವೆನಿಸಬಹುದು. ಆದರೆ ಕಳೆದ ವರ್ಷ, ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಹೊಸ ಕಾರೊಂದರ ಗುಂಡಿಯನ್ನು ಬಳಸಲು ಕಲಿಯುವಾಗ ಒಂದು ಪ್ರಶ್ನೆ ನನ್ನೆದುರು ಬಂದು ನಿಂತಿತು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಬಾಲ್ಯದಿಂದ ಸ್ವಾಧ್ಯಾಯವನ್ನು ಬಿಡದೆ ನಡೆಸಿಕೊಂಡು ಬಂದಿದ್ದರೂ ಆ ಪ್ರಶ್ನೆಯನ್ನು ನಾನು ಅಷ್ಟು ನೇರವಾಗಿ ಎಂದೂ ಕೇಳಿಕೊಂಡಿರಲಿಲ್ಲ. ನಾವು ಮಾಡಬೇಕಾದ ತಡೆಯನ್ನು ಒಂದು ಯಂತ್ರವೋ ಇನ್ನೊಬ್ಬ ವ್ಯಕ್ತಿಯೋ ನಮ್ಮ ಪರವಾಗಿ ಮಾಡುತ್ತಿದ್ದರೆ, ಆ ಸಂಯಮವು ಯಾರದು? ಅದನ್ನು ನಮ್ಮದೆಂದು ಹೇಳಿಕೊಳ್ಳುವ ಅಧಿಕಾರ ನಮಗುಂಟೆ?

ಮೊದಲು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಊರಿನಲ್ಲಿ ನಾನು ಓಡಿಸುತ್ತಿದ್ದುದು ಗೇರು ಬದಲಿಸುವ ಹಳೆಯ ಕಾರು. 1432ರಲ್ಲಿ ಪ್ರತಿಷ್ಠಾಪಿತನಾದ ಬಾಹುಬಲಿ ಸ್ವಾಮಿಯ ದರ್ಶನಕ್ಕೆಂದು ಕಾರ್ಕಳದ ಬೆಟ್ಟವನ್ನು ಹತ್ತುವಾಗ, ಏರಿನಲ್ಲಿ ಗಾಡಿ ನಿಂತರೆ ಹ್ಯಾಂಡ್ ಬ್ರೇಕನ್ನು ಮೇಲೆಳೆದು, ಕ್ಲಚ್ಚನ್ನು ಅರ್ಧ ಬಿಟ್ಟು, ಹಿಂದಕ್ಕೆ ಜಾರದಂತೆ ಹೊರಡುವ ಕೌಶಲವನ್ನು ನಾನು ಬಹಳ ಶ್ರಮದಿಂದ ಕಲಿತಿದ್ದೆ. ಬೆಂಗಳೂರಿನಲ್ಲಿ ಮಗನ ಮನೆಗೆ ಬಂದ ಮೇಲೆ ಓಡಿಸಬೇಕಾಗಿ ಬಂದದ್ದು ಗೇರು ತಾನಾಗಿಯೇ ಬದಲಾಗುವ ಕಾರು. ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನಿನ ಬಲವು ಎಣ್ಣೆಯ ಮೂಲಕ ಚಕ್ರಗಳಿಗೆ ಹರಿಯುತ್ತಲೇ ಇರುತ್ತದೆ. ಆದುದರಿಂದ ಬ್ರೇಕಿನಿಂದ ಕಾಲನ್ನೆತ್ತಿದೊಡನೆ, ನಾವು ವೇಗವನ್ನು ಕೊಡದಿದ್ದರೂ, ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಸಿಗ್ನಲಿನಲ್ಲಿ ಎರಡು ಮೂರು ನಿಮಿಷ ನಿಲ್ಲಬೇಕಾದರೆ ಅಷ್ಟು ಹೊತ್ತೂ ಬಲಗಾಲು ಬ್ರೇಕಿನ ಮೇಲೆ ಇರಬೇಕು.

ಈ ಶ್ರಮವನ್ನು ತಪ್ಪಿಸಲೆಂದು 'ಆಟೋ ಹೋಲ್ಡ್' ಎಂಬ ಏರ್ಪಾಡನ್ನು ಮಾಡಿದ್ದಾರೆ. ಗಾಡಿಯನ್ನು ನಿಂತಲ್ಲಿ ಹಿಡಿದಿಡುವ ಉಪಾಯವು ತೀರ ಹೊಸದಲ್ಲ. 1936ರಲ್ಲೇ ಅಮೆರಿಕದ ಸ್ಟುಡಿಬೇಕರ್ ಕಂಪನಿಯು 'ಹಿಲ್ ಹೋಲ್ಡರ್' ಎಂಬ ಸಾಧನವನ್ನು ತನ್ನ ಕಾರಿನಲ್ಲಿ ಒದಗಿಸಿತ್ತು. ಏರಿನಲ್ಲಿ ಕ್ಲಚ್ಚನ್ನು ಒತ್ತಿ ಹಿಡಿದಿರುವವರೆಗೆ ಅದು ಬ್ರೇಕನ್ನು ಬಿಡುತ್ತಿರಲಿಲ್ಲ. ಅನಂತರ ಚಕ್ರಗಳು ಬಿಗಿದು ಜಾರದಂತೆ ನೋಡಿಕೊಳ್ಳುವ ಏರ್ಪಾಡು 1978ರಲ್ಲಿ, ಗಾಡಿ ಹಿಡಿತ ತಪ್ಪದಂತೆ ಒಂದೊಂದು ಚಕ್ರವನ್ನೂ ಬೇರೆಬೇರೆಯಾಗಿ ತಡೆಯುವ ಏರ್ಪಾಡು 1995ರಲ್ಲಿ ಜರ್ಮನಿಯ ಕಾರುಗಳಲ್ಲಿ ಬಂದವು. ಇವುಗಳ ದೆಸೆಯಿಂದ, ಕಾಲಿನ ಸಹಾಯವಿಲ್ಲದೆಯೂ ಬ್ರೇಕಿನ ದ್ರವದ ಒತ್ತಡವನ್ನು ಹಿಡಿದಿಡುವುದು ಸಾಧ್ಯವಾಯಿತು. ಆಟೋ ಹೋಲ್ಡ್ ಮಾಡುವುದು ಇಷ್ಟೆ: ನಾವು ಬ್ರೇಕನ್ನೊತ್ತಿ ಗಾಡಿಯನ್ನು ಪೂರ್ಣವಾಗಿ ನಿಲ್ಲಿಸಿದ ಮೇಲೆ ಆ ಒತ್ತಡವು ಹಿಂದಿರುಗದಂತೆ ಕೊಳವೆಯ ಕವಾಟಗಳನ್ನು ಮುಚ್ಚುತ್ತದೆ. ಕಾಲನ್ನು ತೆಗೆದರೂ ಗಾಡಿ ಅಲುಗದು. ಆಕ್ಸಿಲರೇಟರನ್ನು ಒತ್ತಿದಾಗ ಮಾತ್ರ ಕವಾಟ ತೆರೆದು ಗಾಡಿ ಹೊರಡುತ್ತದೆ.

ಇದನ್ನು ಕಲಿಸಿದವನು ಮಗ. ಒಂದು ಭಾನುವಾರ ಬೆಳಿಗ್ಗೆ ಜನಸಂಚಾರವಿಲ್ಲದ ರಸ್ತೆಗೆ ಕರೆದೊಯ್ದು, "ಅಪ್ಪಾ, ಬೆಲ್ಟ್ ಹಾಕಿಕೊಂಡು, ಬಾಗಿಲು ಸರಿಯಾಗಿ ಮುಚ್ಚಿದ ಮೇಲೆ ಈ ಗುಂಡಿ ಒತ್ತಿ. ಅಕ್ಷರ ಬಿಳಿಯಾಗಿದ್ದರೆ ಅದು ಸಿದ್ಧವಾಗಿದೆ ಎಂದರ್ಥ, ಹಿಡಿದಿದೆ ಎಂದಲ್ಲ. ಗಾಡಿ ಪೂರ್ತಿ ನಿಂತು ಅಕ್ಷರ ಹಸಿರಾದ ಮೇಲೆ ಕಾಲು ತೆಗೆಯಿರಿ" ಎಂದನು. ಮಕ್ಕಳಿಗೆ ಸಂಧಿ ಸಮಾಸಗಳನ್ನು ಕಲಿಸುವಾಗ ನಾನು ಎಷ್ಟು ಸಲ ಹೇಳಿರಬಹುದೋ, ಅವನೂ ಅಷ್ಟೇ ಸಲ ಬೇಸರಿಸದೆ ಹೇಳಿದನು. ಮೊದಮೊದಲು ಕಾಲನ್ನೆತ್ತಲು ನನಗೆ ಧೈರ್ಯವಾಗಲಿಲ್ಲ. ಇಪ್ಪತ್ತು ವರ್ಷ ಕಾಲಿನಿಂದಲೇ ಹಿಡಿದ ಗಾಡಿಯನ್ನು ಕಾಣದ ಯಾವುದೋ ಒಂದಕ್ಕೆ ಒಪ್ಪಿಸುವುದು ಸುಲಭವಲ್ಲ. ಎರಡು ವಾರಗಳಲ್ಲಿ ಭಯ ಹೋಯಿತು. ಒಂದು ತಿಂಗಳಲ್ಲಿ ಅದು ಅಭ್ಯಾಸವಾಯಿತು. ಅಭ್ಯಾಸವಾದ ಮೇಲೆ ಅಕ್ಷರವನ್ನು ನೋಡುವುದು ನಿಂತುಹೋಯಿತು.

ಈ ವಿಷಯವನ್ನು ನನ್ನ ಹಿರಿಯ ಮಿತ್ರರೊಬ್ಬರಲ್ಲಿ ಪ್ರಸ್ತಾಪಿಸಿದಾಗ ಅವರು ಒಪ್ಪಲಿಲ್ಲ. "ಕಾಲಿಗೆ ವಿಶ್ರಾಂತಿ ಕೊಟ್ಟರೆ ಮನಸ್ಸೂ ಮಲಗುತ್ತದೆ, ಮೇಷ್ಟ್ರೇ. ಕಷ್ಟವೇ ಎಚ್ಚರವನ್ನು ಕಾಯುವುದು" ಎಂದರು. ಅವರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣಸತ್ಯವಿಲ್ಲ. ಜ್ಞಾನವಿಲ್ಲದ ಕಾಯಕ್ಲೇಶವನ್ನು ನಮ್ಮ ಆಚಾರ್ಯರು ಬಾಲತಪವೆಂದು ಕರೆದಿದ್ದಾರೆ. ದಣಿದ ಕಾಲು ತನಗೆ ತಿಳಿಯದಂತೆಯೇ ಸಡಿಲುತ್ತದೆ, ಗಾಡಿ ಮುಂದಿನವನಿಗೆ ತಾಗುತ್ತದೆ. ಆ ಅಪಾಯವನ್ನು ತಪ್ಪಿಸುವ ಉಪಕರಣವನ್ನು ಕೇವಲ ಸುಖಸಾಧನವೆಂದು ತಳ್ಳಿಹಾಕಲಾಗದು. ಮುನಿಗಳ ಕೈಯಲ್ಲಿರುವ ಪಿಂಛಿಯನ್ನು ನಾವು ಸಂಯಮೋಪಕರಣವೆಂದೇ ಕರೆಯುತ್ತೇವೆ. ಗೃಹಸ್ಥನ ಮನೆಯಲ್ಲಿ ನೀರು ಸೋಸುವ ಬಟ್ಟೆಯೂ ಅಂಥದೇ. ಉಪಕರಣವಿದ್ದ ಮಾತ್ರಕ್ಕೆ ಸಂಯಮವು ಕಡಿಮೆಯಾಯಿತೆಂದು ಯಾರೂ ಹೇಳರು.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಿಂಛಿಯು ಕೈ ಚಲಿಸದೆ ತಾನಾಗಿ ಚಲಿಸದು. ಬಟ್ಟೆಯನ್ನು ಹಿಡಿದು ನೀರನ್ನು ಸುರಿಯದೆ ಅದು ಸೋಸದು. ಅವು ನಮ್ಮ ಎಚ್ಚರದೊಡನೆ ಕೆಲಸ ಮಾಡುತ್ತವೆ. ಆಟೋ ಹೋಲ್ಡ್ ಎಂಬುದಾದರೋ ನಾವು ಮರೆತಿರುವಾಗಲೂ ಕೆಲಸ ಮಾಡುತ್ತದೆ. ಅದರ ಉಪಯೋಗವೂ ಇದೇ, ಅಪಾಯವೂ ಇದೇ. ಮರೆವಿನಲ್ಲಿಯೂ ನಮ್ಮನ್ನು ಕಾಯುವ ವಸ್ತುವು ಮರೆವನ್ನೇ ನಮಗೆ ರೂಢಿಮಾಡಿಸಬಲ್ಲುದು.

ಅದು ನನಗೆ ತಿಳಿದದ್ದು ಹೀಗೆ. ಒಂದು ಸಂಜೆ ಮೊಮ್ಮಗಳನ್ನು ಸಂಗೀತದ ಪಾಠದಿಂದ ಕರೆತರುತ್ತಿದ್ದೆ. ದಾರಿಯಲ್ಲಿ ಅಂಗಡಿಯೊಂದರ ಮುಂದೆ ಎಂಜಿನನ್ನು ಆರಿಸಿ, ಹಣ್ಣುಗಳನ್ನು ಕೊಂಡು, ಮತ್ತೆ ಹೊರಟೆ. ನಮ್ಮ ಕಾರಿನಲ್ಲಿ ಎಂಜಿನನ್ನು ಆರಿಸಿದರೆ ಆಟೋ ಹೋಲ್ಡಿನ ಗುಂಡಿಯನ್ನು ಮತ್ತೆ ಒತ್ತಬೇಕು. ಒತ್ತಿದ್ದನ್ನು ನೆನಪಿಟ್ಟುಕೊಳ್ಳುವ ಕಾರುಗಳೂ ಇವೆ, ನಮ್ಮದು ಅಂಥದಲ್ಲ. ನಾನು ಒತ್ತಲಿಲ್ಲ. ಬನ್ನೇರುಘಟ್ಟ ರಸ್ತೆಯ ಒಂದು ಸಿಗ್ನಲಿನಲ್ಲಿ ಬ್ರೇಕು ಹಾಕಿ ನಿಲ್ಲಿಸಿ, ಎಂದಿನಂತೆ ಕಾಲನ್ನು ತೆಗೆದು, ಮೊಮ್ಮಗಳಿಗೆ ಆ ದಿನದ ಪಾಠವೇನೆಂದು ಕೇಳುತ್ತಿದ್ದೆ. ಮುಂದೆ ಒಂದು ಸ್ಕೂಟರು ನಿಂತಿತ್ತು. ತಾಯಿಯ ಹಿಂದೆ ಕುಳಿತಿದ್ದ ಐದಾರು ವರ್ಷದ ಹುಡುಗನ ಕಾಲುಗಳು ಹಿಂದಕ್ಕೆ ಚಾಚಿಕೊಂಡಿದ್ದವು. "ಅಜ್ಜಾ, ಗಾಡಿ ಹೋಗ್ತಾ ಇದೆ!" ಎಂದು ಮೊಮ್ಮಗಳು ಕೂಗಿದಳು. ನಾನು ಬ್ರೇಕನ್ನೊತ್ತಿದಾಗ ಸ್ಕೂಟರಿಗೂ ನಮಗೂ ನಡುವೆ ಒಂದು ಗೇಣು ಉಳಿದಿತ್ತು. ಆ ತಾಯಿ ತಿರುಗಿಯೂ ನೋಡಲಿಲ್ಲ. ಹುಡುಗನು ನೋಡಿ ನಕ್ಕನು.

ನನ್ನ ಬಾಯಿಂದ ಬಂದ ಮೊದಲ ಮಾತು, "ಈ ಯಂತ್ರ ಕೈಕೊಟ್ಟಿತು" ಎಂಬುದು. ಮೊಮ್ಮಗಳು, "ಇಲ್ಲ ಅಜ್ಜ, ಹಸಿರು ಅಕ್ಷರ ಬಂದೇ ಇರಲಿಲ್ಲವಲ್ಲ" ಎಂದಳು. ಅವಳು ನೋಡಿದ್ದಳು, ನಾನು ನೋಡಿರಲಿಲ್ಲ.

ಯಾರಿಗೂ ಪೆಟ್ಟಾಗಲಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮೊದಲು ಪ್ರಮಾದವನ್ನು ಇಟ್ಟಿರುವುದು ವಾಚಕರಿಗೆ ತಿಳಿದ ವಿಷಯ. ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಅಕಸ್ಮಾತ್ತಾಗಿ ಜೀವಿಯೊಂದು ಸತ್ತರೂ ಅವನಿಗೆ ಹಿಂಸಾದೋಷವಿಲ್ಲ, ಅಜಾಗರೂಕನಾಗಿ ನಡೆಯುವವನಿಗೆ ಜೀವಿ ಉಳಿದರೂ ದೋಷವುಂಟು ಎಂದು ಆಚಾರ್ಯರು ವಿವರಿಸಿದ್ದಾರೆ. ಆ ಹುಡುಗನ ಕಾಲು ಉಳಿದದ್ದು ನನ್ನ ಪುಣ್ಯವಲ್ಲ. ನನ್ನ ಪಾಲಿಗೆ ಉಳಿದದ್ದು ಪ್ರಮಾದವೊಂದೇ. ನಾನು ಕಾಲನ್ನೆತ್ತಿದ ಕ್ಷಣದಲ್ಲೇ ಅದು ಪೂರ್ಣವಾಗಿತ್ತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಗಾಡಿಯ ವಿಷಯವು ಬೇರೊಂದು ವಿಷಯವನ್ನು ಎಳೆದು ತಂದಿತು. ಅದನ್ನು ಇಲ್ಲಿ ಬರೆಯಬೇಕೋ ಬಾರದೋ ಎಂದು ಬಹಳ ದಿನ ಯೋಚಿಸಿದೆ. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲವೆಂದು ತೋರಿದ್ದರಿಂದ ಬರೆಯುತ್ತೇನೆ.

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮುನಿಗಳೊಬ್ಬರ ಸನ್ನಿಧಿಯಲ್ಲಿ ರಾತ್ರಿಭೋಜನ ತ್ಯಾಗದ ವ್ರತವನ್ನು ಸ್ವೀಕರಿಸಿದೆ. ಮೂವತ್ತೈದು ವರ್ಷ ಅದು ಒಂದು ದಿನವೂ ತಪ್ಪಲಿಲ್ಲ. ಸಭೆಗಳಲ್ಲಿ, ಮಕ್ಕಳ ಮುಂದೆ, ನಾನು ಇದನ್ನು ಹೇಳಿಕೊಂಡದ್ದೂ ಉಂಟು. ಮೂರು ವರ್ಷಗಳ ಹಿಂದೆ ನನ್ನ ಸಹಧರ್ಮಿಣಿ ತೀರಿಕೊಂಡಳು. ಬೆಂಗಳೂರಿಗೆ ಬಂದೆ. ಮಗನೂ ಸೊಸೆಯೂ ಕೆಲಸದಿಂದ ಮನೆಗೆ ಬರುವಾಗ ಎಂಟು ಗಂಟೆಯಾಗುತ್ತದೆ. ನನ್ನ ಊಟವನ್ನು ಸೊಸೆ ಬೆಳಿಗ್ಗೆಯೇ ಮಾಡಿಟ್ಟು, ಎಲ್ಲಿದೆಯೆಂದು ತೋರಿಸಿ ಹೋಗುತ್ತಿದ್ದಳು. ಅವಳಿಂದ ಯಾವ ಕೊರತೆಯೂ ಆಗಲಿಲ್ಲ. ಆದರೂ ಮೊದಲ ತಿಂಗಳಲ್ಲಿ ಮೂರು ಸಲ ಸೂರ್ಯನು ಮುಳುಗಿದ್ದು ನನಗೆ ಗೊತ್ತೇ ಆಗಲಿಲ್ಲ. ಎರಡು ಸಲ ಉಪವಾಸವಿದ್ದೆ. ಮೂರನೆಯ ಸಲ, ದೀಪ ಹಚ್ಚಿದ ಮೇಲೆ, ಮೊಮ್ಮಗಳ ಪುಸ್ತಕವನ್ನು ಓದಿ ಹೇಳುತ್ತಾ ಅವಳು ಕೈಗಿತ್ತ ಬಿಸ್ಕತ್ತನ್ನು ತಿಂದುಬಿಟ್ಟೆ. ಅರ್ಧ ತಿಂದಾಗ ನೆನಪಾಯಿತು. ಉಳಿದರ್ಧವನ್ನು ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. 'ಈ ಊರಿನ ಮನೆಗಳಲ್ಲಿ ಸೂರ್ಯನೇ ಕಾಣುವುದಿಲ್ಲ' ಎಂದು ನನ್ನೊಳಗೇ ಹೇಳಿಕೊಂಡೆ. ಅಂದು ನಾನು ಊರನ್ನು ದೂರಿದ್ದೆ, ಈ ದಿನ ಯಂತ್ರವನ್ನು ದೂರಿದೆ.

ಆಗ ಸತ್ಯವು ಹೊಳೆಯಿತು. ಮೂವತ್ತೈದು ವರ್ಷ ಪ್ರತಿದಿನ ಐದು ಗಂಟೆಗೆ ಒಬ್ಬಾಕೆ ಅಡಿಗೆಮನೆಯಿಂದ ಹೊರಬಂದು, ಪಡುವಣದ ಕಡೆ ನೋಡಿ, "ಹೊತ್ತಾಯಿತು, ಊಟಕ್ಕೆ ಏಳಿ" ಎನ್ನುತ್ತಿದ್ದಳು. ನಾನು ಏಳುತ್ತಿದ್ದೆ. ಸಂಕಲ್ಪವನ್ನು ಮಾಡಿದವನು ನಾನು. ಅದನ್ನು ಹಿಡಿದುಕೊಂಡಿದ್ದವಳು ಅವಳು. ಹಿಡಿತವು ಇಲ್ಲವಾದ ಮೇಲೂ ಅದು ಇದೆಯೆಂದು ನಂಬಿ ನಾನು ಕಾಲನ್ನೆತ್ತಿದ್ದೆ.

ಹಾಗಾದರೆ ಆ ಮೂವತ್ತೈದು ವರ್ಷಗಳ ಸಂಯಮವು ನನ್ನದಲ್ಲವೆ? ಈ ಪ್ರಶ್ನೆಗೆ 'ಅಲ್ಲ' ಎಂದು ಉತ್ತರಿಸುವುದು ಸುಲಭ, ಆದರೆ ಅದೂ ಏಕಾಂತವಾದೀತು. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವ್ರತದ ಲಕ್ಷಣದೊಳಗೇ ಸಂಕಲ್ಪವನ್ನು ಸೇರಿಸಿದ್ದಾರೆ. ಊಟ ಸಿಗದೆ ಹಸಿದಿರುವವನು ಉಪವಾಸಿಯಲ್ಲ. ಸಿಕ್ಕಿದರೂ ಸಂಕಲ್ಪಪೂರ್ವಕ ಬಿಟ್ಟವನು ಉಪವಾಸಿ. ಆಟೋ ಹೋಲ್ಡಿನಲ್ಲಿಯೂ ಹೀಗೆಯೇ. ಅದು ಓಡುವ ಗಾಡಿಯನ್ನು ತಾನಾಗಿ ನಿಲ್ಲಿಸದು. ಕಾಲು ಬ್ರೇಕನ್ನೊತ್ತಿ ನಿಲ್ಲಿಸಬೇಕು, ಅನಂತರ ಆ ಒತ್ತುವಿಕೆಯನ್ನೇ ಅದು ಹಿಡಿದಿಡುತ್ತದೆ. ಉಪಾದಾನವು ನಮ್ಮದು, ನಿಮಿತ್ತವು ಅದರದು. ನಿಮಿತ್ತವಿಲ್ಲದೆ ಕಾರ್ಯವು ಕಷ್ಟ, ಉಪಾದಾನವಿಲ್ಲದೆ ಕಾರ್ಯವೇ ಇಲ್ಲ. ನನ್ನ ವ್ರತದಲ್ಲಿ ಒತ್ತಿದ ಕಾಲು ನನ್ನದಾಗಿತ್ತು. ಕೃತ, ಕಾರಿತ, ಅನುಮೋದನೆ ಎಂಬ ಮೂರು ವಿಧಗಳಲ್ಲಿ ಕರ್ಮದ ಫಲ ಹಂಚಿಕೆಯಾಗುವುದೆಂದು ನಾವು ಓದುತ್ತೇವೆ. ಆ ವ್ರತದಲ್ಲಿ ಅವಳ ಪಾಲು ಎಷ್ಟು ದೊಡ್ಡದೆಂದು ಅವಳಿರುವಾಗ ನಾನು ಒಮ್ಮೆಯೂ ಹೇಳಲಿಲ್ಲ. ನನ್ನ ದೋಷವು ಆಕೆಯ ಸಹಾಯವನ್ನು ಪಡೆದದ್ದರಲ್ಲಿಲ್ಲ. ಸಹಾಯವನ್ನು ಸಹಾಯವೆಂದು ಅರಿಯದೆ, ಅದನ್ನು ನನ್ನ ಸ್ವಂತ ಬಲವೆಂದು ಭ್ರಮಿಸಿದ್ದರಲ್ಲಿದೆ.

ಇನ್ನೂ ಒಂದು ಮಾತು. ವ್ರತವೆಂಬುದೇ ಒಂದು ಬಗೆಯ ಹಿಡಿತವಲ್ಲವೆ? ಮನಸ್ಸು ಶಾಂತವಾಗಿರುವ ಒಂದು ಶುಭಮುಹೂರ್ತದಲ್ಲಿ ನಾವು ಸಂಕಲ್ಪವನ್ನು ಬಲವಾಗಿ ಒತ್ತುತ್ತೇವೆ. ಅನಂತರ ಹಸಿವು ಬರುತ್ತದೆ, ಕೋಪ ಬರುತ್ತದೆ, ದಣಿವು ಬರುತ್ತದೆ. ಆಗ ಪ್ರತಿಕ್ಷಣವೂ ಹೊಸದಾಗಿ ನಿರ್ಧರಿಸಬೇಕಾಗಿದ್ದರೆ ನಮ್ಮಂಥವರು ಮಧ್ಯಾಹ್ನದವರೆಗೂ ನಿಲ್ಲಲಾರೆವು. ಬೆಳಗಿನ ಸಂಕಲ್ಪವು ಸಂಜೆಯ ದುರ್ಬಲ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಗೃಹಸ್ಥರಿಗೆ ವ್ರತಗಳನ್ನು ವಿಧಿಸಿದ ಆಚಾರ್ಯರ ಕರುಣೆಯು ಇದೇ ಎಂದು ನಾನು ತಿಳಿಯುತ್ತೇನೆ. ಆದರೆ ಹಿಡಿತಕ್ಕೆ ಅದರದೇ ಆದ ನಿಬಂಧನೆಗಳುಂಟು. ಕಾರಿನ ಹಿಡಿತವನ್ನು ಕಲಿತಂತೆ ಇವನ್ನೂ ಕಲಿಯಬೇಕು.

ಮೊದಲನೆಯದು, ಗಾಡಿ ಪೂರ್ಣವಾಗಿ ನಿಲ್ಲದೆ ಹಿಡಿತವು ಹತ್ತದು. ಅರ್ಧಮನಸ್ಸಿನಿಂದ ಮಾಡಿದ ಸಂಕಲ್ಪವು ತೆವಳುತ್ತಲೇ ಇರುತ್ತದೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳನ್ನು ಶಾಸ್ತ್ರಕಾರರು ಹೇಳಿದ್ದಾರೆ. ಮನಸ್ಸಿನ ಶುದ್ಧಿ ಕೆಡುವುದರಿಂದ ಆರಂಭವಾಗಿ, ವಿಷಯದಲ್ಲಿ ಅತ್ಯಾಸಕ್ತಿಯವರೆಗೆ ಅದು ಇಳಿಯುತ್ತದೆ. ಸಿಗ್ನಲಿನಲ್ಲಿ ನಮ್ಮ ಗಾಡಿ ಹಾರಿ ಹೋಗಲಿಲ್ಲ, ತೆವಳಿತು. ಪತನವು ಬಹುಮಟ್ಟಿಗೆ ತೆವಳುತ್ತಲೇ ಬರುತ್ತದೆ, ಆದುದರಿಂದಲೇ ಅದು ಕಾಣುವುದಿಲ್ಲ.

ಎರಡನೆಯದು, ಹಿಡಿತಕ್ಕೆ ಕಾಲಮಿತಿಯಿದೆ. ಹಲವು ಕಾರುಗಳಲ್ಲಿ ಆಟೋ ಹೋಲ್ಡ್ ಸುಮಾರು 10 ನಿಮಿಷ ಮಾತ್ರ ಹಿಡಿಯುತ್ತದೆ. ಅನಂತರ, ಅಥವಾ ನಡುವೆ ಬೆಲ್ಟನ್ನು ಬಿಚ್ಚಿದರೆ, ಬಾಗಿಲನ್ನು ತೆರೆದರೆ, ವಿದ್ಯುತ್ತಿನಿಂದ ನಡೆಯುವ ಪಾರ್ಕಿಂಗ್ ಬ್ರೇಕಿಗೆ ಭಾರವನ್ನು ಒಪ್ಪಿಸುತ್ತದೆ. ಗಾಡಿಯನ್ನು ಬಿಟ್ಟು ಇಳಿಯುವಾಗ ಪಾರ್ಕಿಂಗ್ ಬ್ರೇಕನ್ನೇ ಹಾಕಬೇಕು, ಆಟೋ ಹೋಲ್ಡನ್ನು ನಂಬಿ ಇಳಿಯಬಾರದು. ಪರಿಮಿತ ಕಾಲದ ತ್ಯಾಗವನ್ನು ನಿಯಮವೆಂದೂ ಯಾವಜ್ಜೀವ ತ್ಯಾಗವನ್ನು ಯಮವೆಂದೂ ಸಮಂತಭದ್ರರು ಬೇರ್ಪಡಿಸಿದ್ದಾರೆ. ನಿಯಮದ ಅವಧಿ ಮುಗಿದದ್ದನ್ನು ತಿಳಿಯದೆ ಇನ್ನೂ ರಕ್ಷಿತನೆಂದು ಭಾವಿಸುವವನು ಸಂಕಟಕ್ಕೊಳಗಾಗುತ್ತಾನೆ. ದಿನದಿನವೂ ಪ್ರತ್ಯಾಖ್ಯಾನವನ್ನು ಹೊಸದಾಗಿ ಮಾಡಬೇಕೆಂಬ ಪದ್ಧತಿಯ ಹಿಂದೆ ಈ ಅರ್ಥವೂ ಇದ್ದೀತು. ನಿನ್ನೆ ಒತ್ತಿದ ಗುಂಡಿ ಇಂದಿಗೆ ಸಲ್ಲದು.

ಮೂರನೆಯದು, ಹಿಡಿತವು ದಾರಿಯನ್ನು ನೋಡದು. ಅದಕ್ಕೆ ಮುಂದೆ ಸ್ಕೂಟರಿದೆಯೋ ಹುಡುಗನಿದ್ದಾನೆಯೋ ತಿಳಿಯದು. ಆಕ್ಸಿಲರೇಟರಿನ ಮೇಲೆ ಕಾಲು ಬಿದ್ದರೆ, ಬೇಕೆಂದು ಬಿದ್ದರೂ ಬೇಡದೆ ಬಿದ್ದರೂ, ಅದು ಬಿಟ್ಟುಕೊಡುತ್ತದೆ. ವ್ರತವೂ ಹಾಗೆಯೇ. ರಾತ್ರಿ ಉಣ್ಣದವನು ಹಗಲಿನಲ್ಲಿ ಕಟುವಾಗಿ ಮಾತನಾಡಿದರೆ, ರಾತ್ರಿಯ ವ್ರತವು ಅವನ ನಾಲಗೆಯನ್ನು ಹಿಡಿಯಲು ಬಾರದು. ನೋಡುವ ಕೆಲಸವು ಎಂದೆಂದಿಗೂ ನೋಡುವವನದೇ. ಈರ್ಯಾಸಮಿತಿಯಲ್ಲಿ ನಾಲ್ಕು ಕೈಯಷ್ಟು ಮುಂದಿನ ನೆಲವನ್ನು ನೋಡಿ ನಡೆಯುವ ಮುನಿಗಳು ವಾಹನವನ್ನೇ ತ್ಯಜಿಸಿದವರು. ತ್ಯಜಿಸಲಾಗದ ಶ್ರಾವಕನು ವಾಹನದಲ್ಲಿ ಕುಳಿತಾಗ ಕಣ್ಣನ್ನಾದರೂ ತ್ಯಜಿಸಬಾರದು.

ನಾಲ್ಕನೆಯದು, ಎಲ್ಲ ಕಡೆಯೂ ಹಿಡಿತವು ಹಿತವಲ್ಲ. ಇಕ್ಕಟ್ಟಾದ ಜಾಗದಲ್ಲಿ ಗಾಡಿಯನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸುವಾಗ ಆಟೋ ಹೋಲ್ಡನ್ನು ತೆಗೆದಿಡುವುದು ಮೇಲೆಂದು ಮಗ ಹೇಳಿದನು. ಅಲ್ಲಿ ಅಂಗುಲ ಅಂಗುಲವಾಗಿ ಕಾಲೇ ತೂಗಿ ನಡೆಸಬೇಕು. ಹಿಡಿತವಿದ್ದರೆ ಪ್ರತಿಸಲವೂ ವೇಗವನ್ನು ಕೊಟ್ಟು ಬಿಡಿಸಬೇಕಾಗಿ, ಗಾಡಿ ಬೇಕಾದುದಕ್ಕಿಂತ ಹೆಚ್ಚು ಮುನ್ನುಗ್ಗಬಹುದು. ರೋಗಿಗೆ, ಬಾಣಂತಿಗೆ, ವೃದ್ಧರಿಗೆ ಶಕ್ತಿಯನ್ನು ನೋಡಿ ವ್ರತವನ್ನು ಕೊಡಬೇಕೆಂದು ಹಿರಿಯರು ಹೇಳುವುದರ ತಾತ್ಪರ್ಯವೂ ಇದಕ್ಕೆ ದೂರವಲ್ಲ.

ಈ ಎಲ್ಲವನ್ನೂ ಯೋಚಿಸಿದ ಮೇಲೆ ನಾನು ಮಾಡಿದ್ದು ಸ್ವಲ್ಪವೇ. ಮರುದಿನ ಮಗ, ಸೊಸೆ, ಮೊಮ್ಮಗಳು ಮೂವರನ್ನೂ ಕೂರಿಸಿ ಬಿಸ್ಕತ್ತಿನ ವಿಷಯವನ್ನು ಹೇಳಿದೆ. ಮುಂದಿನ ಚತುರ್ದಶಿಯಂದು ಪ್ರಾಯಶ್ಚಿತ್ತವಾಗಿ ಉಪವಾಸ ಮಾಡಿದೆ. ಸೊಸೆಯ ಕಣ್ಣಿನಲ್ಲಿ ನೀರು ಬಂದಿತು. "ಮಾವ, ನಾನು ಐದು ಗಂಟೆಗೆ ಫೋನ್ ಮಾಡಿ ನೆನಪಿಸುತ್ತೇನೆ" ಎಂದಳು. ಬೇಡವೆನ್ನಲಿಲ್ಲ. ಸಹಾಯವನ್ನು ಬೇಡವೆನ್ನುವುದು ಇನ್ನೊಂದು ಅಹಂಕಾರವಾದೀತು. ಆದರೆ ಅವಳ ಫೋನು ಬರುವುದಕ್ಕೆ ಮೊದಲೇ ಮಹಡಿಯ ಮೇಲೆ ಹೋಗಿ ಸೂರ್ಯನನ್ನು ನೋಡಿ ಬರುವ ರೂಢಿಯನ್ನು ಮಾಡಿಕೊಂಡಿದ್ದೇನೆ. ಫೋನು ಬಂದಾಗ, "ನೋಡಿ ಬಂದೆ ಮಗಳೇ" ಎನ್ನುತ್ತೇನೆ.

ಕಾರಿನಲ್ಲಿಯೂ ಆಟೋ ಹೋಲ್ಡನ್ನು ನಾನು ಬಿಟ್ಟಿಲ್ಲ. ಹೊರಡುವಾಗ ಗುಂಡಿಯನ್ನೊತ್ತುತ್ತೇನೆ. ನಿಂತಾಗ ಅಕ್ಷರ ಹಸಿರಾದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕಾಲನ್ನು ತೆಗೆದು, ಅದನ್ನು ಬ್ರೇಕಿನ ಸಮೀಪದಲ್ಲೇ ಇರಿಸಿಕೊಳ್ಳುತ್ತೇನೆ. ವಾರಕ್ಕೊಂದು ದಿನ ಗುಂಡಿಯನ್ನು ಒತ್ತದೆಯೇ ಓಡಿಸಿ, ಕಾಲು ತನ್ನ ಕೆಲಸವನ್ನು ಮರೆಯದಂತೆ ನೋಡಿಕೊಳ್ಳುತ್ತೇನೆ. ಮೊಮ್ಮಗಳು ಪಕ್ಕದಲ್ಲಿದ್ದರೆ ಸಿಗ್ನಲಿನಲ್ಲಿ, "ಹಸಿರು ಬಂತಾ ಅಜ್ಜ?" ಎಂದು ಕೇಳುತ್ತಾಳೆ. ನಾನು ನೋಡಿಯೇ ಉತ್ತರ ಹೇಳುತ್ತೇನೆ.

ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯಲ್ಲಿ ನಿಮ್ಮ ವ್ರತವನ್ನು ಯಾರು ಹಿಡಿದುಕೊಂಡಿದ್ದಾರೆಂದು ಒಂದು ದಿನ ಕುಳಿತು ಯೋಚಿಸಿರಿ. ಬೆಳಿಗ್ಗೆ ನೀರು ಸೋಸುವವರು, ಹೊತ್ತಿಗೆ ಮೊದಲೇ ಒಲೆ ಹಚ್ಚುವವರು, ಅಷ್ಟಮಿ ಚತುರ್ದಶಿಗಳನ್ನು ಪಂಚಾಂಗದಲ್ಲಿ ನೋಡಿ ಹೇಳುವವರು ಇದ್ದೇ ಇರುತ್ತಾರೆ. ಅವರು ಇರುವಾಗಲೇ ಅವರಿಗೆ ಅದನ್ನು ಹೇಳಿರಿ. ಅವರಿಲ್ಲದ ದಿನಕ್ಕಾಗಿ ನಿಮ್ಮ ಕಾಲನ್ನೂ ಸಿದ್ಧವಾಗಿಟ್ಟುಕೊಳ್ಳಿರಿ.